ಸ್ಪ್ರಿಂಗಿನ ಬುಡಕ

ಮುಚ್ಚಳ ತೆಗೆಯೂಕಿಂತ ಮೊದಲ ಮೂಸಬೇಕು.
ಶಿರೋಡ್ಕರ್ ಮಾಸ್ತರು ಸ್ಕ್ರೂಡ್ರೈವರ್ ಮುಟ್ಟಗೊಡಲಿಲ್ಲ ಆರು ತಿಂಗಳು,
ಬರೇ ಮೂಗು ಕಲಿಸಿದರು.

ವಾಸ್ಕೊದ ಈ ಗಲ್ಲಿಯೊಳಗ ಬಂದರಿನ ಕಲ್ಲಿದ್ದಲ ಧೂಳಿ
ಮುಂಜಾನೆ ಒರೆಸಿದ ಗಾಜಿನ ಮ್ಯಾಲ
ಮಧ್ಯಾಹ್ನಕ್ಕ ಮತ್ತ ಬಂದು ಕೂತಿರತೈತಿ.
ಗಿರಾಕಿಗಳೂ ಹಂಗ. ಬರತಾರ,
ನನ್ನ ಹೆಗಲ ಮ್ಯಾಲಿಂದ ಒಳಗ ಇಣುಕತಾರ,
ಮೆಕ್ಯಾನಿಕ್ ಎಲ್ಲಿ?
ಊಟಕ್ಕ ಹೋಗ್ಯಾನ, ಅಂತೀನಿ.
ಇಟ್ಟು ಹೋಗತಾರ. ಸಂಜೀಕ ರಿಪೇರಿ ಆಗಿರತೈತಿ.

ಆರ್ಸೆಲೀನಾ ಕೇಳಲಿಲ್ಲ.
ಟವೆಲಿನಾಗ ಸುತ್ತಿ ತಂದಿದ್ದಳು,
ಕೂಸಿನ ಹಂಗಲ್ಲ, ಮೀನಿನ ಹಂಗ,
ಒಂದು ಟೇಪ್ ರೆಕಾರ್ಡರ್.
ಗಂಡ ಹಡಗಿನವ, ಕೋಬೆಯೊಳಗ ಕೊಂಡದ್ದು.
ಅವ ಹೋಗಿ ಹನ್ನೊಂದು ವರ್ಷ.
ಈಗ ತಂಗಿ ಮೊಮ್ಮಗನ ಸಾಲಿ ನಾಟಕಕ್ಕ ಬೇಕಂತ.
"ಸೆಲ್ ಮಾತ್ರ ಎಂದೂ ತೆಗೆದಿಲ್ಲ," ಅಂದಳು.
"ಬಂದು ಬೂಟು ಬಿಚ್ಚೂಕಿಂತ ಮೊದಲ ಬಟನ್ ಒತ್ತತಿದ್ದ.
ಒತ್ತಿದ ಕೂಡಲೆ ಹತ್ತಬೇಕು."

ತೆಗೆದೆ.
ನಾಲ್ಕು ಸೆಲ್ಲು, ನಾಲ್ಕೂ ವಾಂತಿ ಮಾಡಿಕೊಂಡು ಸತ್ತಿದ್ದವು.
ಪಟ್ಟಿಗಳ ಮ್ಯಾಲ ಹಿಟ್ಟಿನಂಥ ಬಿಳುಪು,
ಅಂಚಿಗೆ ಕಿಲುಬು,
ತಾಮ್ರದ ಚರಿಗಿಯೊಳಗ ಮಜ್ಜಿಗಿ ಮರೆತರ ಬರತೈತಲ್ಲ,
ಆ ಹಸುರು.

ಅಗ್ಗದ ಹಳೇ ಸೆಲ್ಲಾದರ ಸೋರೂದು ಹುಳಿ,
ಅದಕ್ಕ ಸೋಡಾಪುಡಿ.
ಇವು ತುಟ್ಟಿವು, ಸೋರೂದು ಕ್ಷಾರ,
ಇದಕ್ಕ ಹುಳಿನ ಮದ್ದು.
ಅದಲುಬದಲಾದರ
ತೊಳೆದದ್ದೂ ಒಂದ, ಬಿಟ್ಟದ್ದೂ ಒಂದ.

ನನ್ನ ಬಾಟ್ಲಿ ನೋಡಿದರ ಖಾಲಿ.
ಆಕಿ ಸುಮ್ಮನ ಎದ್ದು ಹೋದಳು.
ಅರ್ಧ ತಾಸಿನ ಮ್ಯಾಲ ಬಂದಳು
ಉಪ್ಪಿನಕಾಯಿ ಬಾಟ್ಲಿ ತುಂಬ ಮನೀ ವಿನೆಗರ್ ಹಿಡಕೊಂಡು.
ತೆಂಗಿನ ಕಳ್ಳಿನದು. ತಳದಾಗ ಒಂದು ಮೆಣಸಿನಕಾಯಿ ಬೀಜ.
ಹಂದಿ ಪಲ್ಯಾಕ್ಕ ಹಾಕೂದು, ನಡೀತೈತೇನು?
ನಡೀತೈತಿ.

ಹತ್ತಿಕಡ್ಡಿ ಅದ್ದಿ ಸ್ಪ್ರಿಂಗಿಗೆ ಮುಟ್ಟಿಸಿದೆ.
ಸುಂಯ್ ಅಂತು.
ಅಗದೀ ಸಣ್ಣ ನೊರೆ,
ಬೈನಾ ದಂಡಿಯೊಳಗ ತೆರಿ ಹಿಂದ ಸರಿದಾಗ
ಏಡಿ ತೂತು ಉಸಿರು ಬಿಡತಾವಲ್ಲ, ಅಷ್ಟ.
ಕಾಯಬೇಕು. ಕೆರೆಯಬಾರದು.
ಕೆರೆದರ ಮ್ಯಾಲಿನ ಹೊಳಪು ಹೋಗಿ
ಬರೂ ಮಳೆಗಾಲಕ್ಕ ತುಕ್ಕು ತಾನ ಮನಿ ಮಾಡತೈತಿ.

ಮೂರನೇ ಸ್ಪ್ರಿಂಗಿನ ಬುಡಕ ಏನೋ ಅಡ್ಡ ಬಂತು.
ಚಿಮಟದಿಂದ ಎಳೆದೆ.
ಬೆಳ್ಳಿ ಕಾಗದ. ಸಿಗರೇಟು ಪಾಕೀಟಿಂದು.
ಎಂಟು ಮಡಿಕಿ ಹಾಕಿ, ಉಗುರಿಲೆ ಒತ್ತಿ,
ಸಡಲಾದ ಸ್ಪ್ರಿಂಗಿಗೆ ಒತ್ತು ಕೊಟ್ಟಿದ್ದರು ಯಾರೋ.

"ನಿಮ್ಮವರು ಸೇದತಿದ್ದರೇನು?"
"ಅವ? ಹೊಗಿ ಕಂಡರ ಆಗತಿದ್ದಿಲ್ಲ ಅವಗ."
ಗಲ್ಲಿಯ ಆಚೀಚೆ ನೋಡಿದಳು,
ಹಲ್ಲಿಲ್ಲದ ಕಡೆ ನಾಲಗಿ ಒತ್ತಿ ನಕ್ಕಳು.
"ನಾನು. ಅವ ಹಡಗು ಹತ್ತಿದ ಮ್ಯಾಲ, ಮಾಳಗಿ ಮ್ಯಾಲ, ದಿನಕ್ಕ ಒಂದು."

ಕೊಬ್ಬರಿ ಒಣ ಹಾಕಿದ್ದ ಮಾಳಗಿ. ಕೂದಲಿನ ಪಿನ್ನು.
ಅವನ ತಾರು ಬಂದ ದಿನ ರಾತ್ರಿ ಕೂತು ತುರುಕಿದ್ದಂತ.
ಅವ ಬಂದ, ಒತ್ತಿದ, ಹತ್ತಿತು.
ಇಪ್ಪತ್ತು ವರ್ಷ ಕಂಡಕಂಡವರ ಮುಂದ ಹೇಳಿದ,
ಜಪಾನಿನವರ ಕೆಲಸ ಅಂದ್ರ ಕೆಲಸ.

ಸ್ಪಿರಿಟ್ ಹಚ್ಚಿ ಒರೆಸಿದೆ, ಬಿಸಿಲಿಗೆ ಇಟ್ಟೆ.
ಸ್ಪ್ರಿಂಗು ಎಳೆದು ಉದ್ದ ಮಾಡಿದೆ, ಕಾಗದ ಬೇಕಾಗಲಿಲ್ಲ.
ಹೊಸ ಸೆಲ್ಲು ಹಾಕಿ ಒತ್ತಿದರ
ಕ್ಯಾಸೆಟ್ ಇಲ್ಲದ ಹೊಟ್ಟಿಯೊಳಗ
ಎರಡು ಹಲ್ಲಿನ ಗಾಲಿ ತಿರುಗಿದವು.
ಇಬ್ಬರೂ ಸ್ವಲ್ಪ ಹೊತ್ತು ನೋಡಿದಿವಿ.

ನಾಟಕ ಮುಗಿದ ಮ್ಯಾಲ ಸೆಲ್ ತೆಗೆದಿಡ್ರಿ, ಅಂದೆ.
ಆಕಿ ಅಲ್ಲೇ ತೆಗೆದು ಸೆರಗಿಲ್ಲದ ಫ್ರಾಕಿನ ಕಿಸೆಯೊಳಗ ಹಾಕಿಕೊಂಡಳು.
ನಾಲ್ಕೂ.
ಬೆಳ್ಳಿ ಕಾಗದ ಒಯ್ಯಲಿಲ್ಲ.
ವಿನೆಗರ್ ಬಾಟ್ಲಿ ಇಲ್ಲೇ ಐತಿ,
ಅರ್ಧಕ್ಕ ಬಂದೈತಿ, ಬೀಜ ಹಂಗ ಐತಿ.

ಮರುದಿನ ಒಬ್ಬ ಟಾರ್ಚು ಹಿಡಕೊಂಡು ಬಂದ,
ನನ್ನ ದಾಟಿಸಿ ಒಳಗ ನೋಡಿದ,
ಮೆಕ್ಯಾನಿಕ್ ಎಲ್ಲಿ?

ಮಾಳಗಿ ಮ್ಯಾಲ, ಅಂದೆ.
ಒಂದು ಸೇದಾಕ ಹೋಗ್ಯಾನ.